ಗೇಟು ಬಿದ್ದಾಗ

ಊಟದ ಬೆಲ್ಲಾದ ಮೇಲಿನ ಮೊದಲನೇ ಪೀರಿಯಡ್ಡು, ಗಣಿತ.
ಅದೊಂದನ್ನೇ ಬಿಟ್ಟೆವು, ಅದೊಂದನ್ನೇ.
ಮುಂದಿನದು ಕನ್ನಡ, ಅದಕ್ಕೆ ವಾಪಸು ಬರುವವರೆಂದು
ಚೀಲಗಳನ್ನು ನಮ್ಮ ಜಾಗದಲ್ಲಿ ಕೂರಿಸಿ
ಕೊಟ್ರೇಶಿಯ ಕಂಪಾಸ್ ಬಾಕ್ಸಿನ ಬಾಯಿ ತೆರೆದಿಟ್ಟು
ಮೂತ್ರಿಖಾನೆಯ ಹಿಂದಿನ ಗೋಡೆ ಹಾರಿದೆವು ಮೂವರು.

"ನಲವತ್ತು ನಿಮಿಷ ಲೇ," ಅಂದ ದಾದಾಪೀರ.
ಅಣ್ಣನ ವಾಚು, ಅವನ ಮಣಿಕಟ್ಟಿಗೆ ಸಡಿಲ.
ಓಡುವಾಗ ಮೊಣಕೈತನಕ ಹತ್ತಿ
ಇಳಿಯುತ್ತಿತ್ತು ಹೊತ್ತು.

ಹಳಿ ದಾಟಿದರೆ ಮಂಡಕ್ಕಿ ಭಟ್ಟಿಗಳ ಓಣಿ.
ಗೋಡೆ ಕಪ್ಪು, ಬೆಕ್ಕು ಕಪ್ಪು,
ಹಗ್ಗದ ಮೇಲೆ ಒಣಗುವ ಲುಂಗಿಗೂ ಮಸಿ.
ದಾದಾಪೀರನ ಚಾಚಾ ಬನಿಯನ್ನಿನಲ್ಲಿ ನಿಂತು
ಕಾದ ಮರಳಿಗೆ ಅಕ್ಕಿ ಸುರಿದು
ಎರಡು ಸಲ ತಿರುವುವುದರೊಳಗೆ
ಬೊಗಸೆ ಅಕ್ಕಿ ಮೊರ ತುಂಬಿ ಹೊರಚೆಲ್ಲಿತು.
"ಇದು ನೋಡಲೇ ಗುಣಾಕಾರ," ಅಂದ ಕೊಟ್ರೇಶಿ.
ಚಾಚಾ ಕೇಳಲಿಲ್ಲ ಇವತ್ತೇನು ಸಾಲಿ ಇಲ್ಲವಾ ಅಂತ.
"ಅಂಗಿ ಹಿಡೀರಿ" ಅಂದ, ಸುರಿದ.
ಹೊಟ್ಟೆಗೆ ಬಿಸಿ ತಾಗಿ ಕುಣಿದೆವು.
ಉಪ್ಪಿಲ್ಲ, ಖಾರದ ಪುಡಿಯಿಲ್ಲ, ಜೊತೆಗೊಂದು ಮಿರ್ಚಿಯಿಲ್ಲ,
ಬಾಯಲ್ಲಿದೆ ಅನ್ನುವಷ್ಟರಲ್ಲಿ ಇಲ್ಲ,
ಮತ್ತೆ ಇನ್ನೊಂದು ಮುಕ್ಕು.

ಇನ್ನೂ ಹತ್ತು ನಿಮಿಷ ಉಳಿದಿತ್ತು.
ಗೇಟು ಬಿತ್ತು.

ಹರಿಹರದ ಕಡೆಯಿಂದ ಗೂಡ್ಸು,
ಬಸುರಿ ಎಮ್ಮೆಯಂತೆ, ಯಾರ ಪೀರಿಯಡ್ಡಿಗೂ ಅವಸರಪಡದೆ.
ಎಣಿಸತೊಡಗಿದ ಕೊಟ್ರೇಶಿ: ಹನ್ನೊಂದು, ಹನ್ನೆರಡು.
ಡಬ್ಬಿ ಡಬ್ಬಿಯ ಸಂದಿನಲ್ಲಿ ಆಚೆ ಬದಿ
ಕಂಡು, ಮರೆಯಾಗಿ, ಕಂಡು.
ಬಾಳೆಹಣ್ಣಿನ ಗಾಡಿ.
ಡಬ್ಬಿ.
ಒಂದು ಲೂನಾ.
ಡಬ್ಬಿ.
ಲೂನಾ ಮೇಲೆ ಕನ್ನಡಕ.
ಡಬ್ಬಿ, ಡಬ್ಬಿ.
"ಜಿ.ಕೆ.ಟಿ. ಮೇಷ್ಟ್ರು ಕಣ್ರಲೇ!"

ಈಗ ತರಗತಿಯಲ್ಲಿ ಇರಬೇಕಾದವರು.
ಅವರೂ, ನಾವೂ.
ಮೊಣಕಾಲ ಮೇಲೆ ದೊಡ್ಡದೊಂದು ಹಳದಿ ಕವರು,
ರೈಲಿನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು,
ಎರಡೂ ಅಂಗೈ ಒತ್ತಿ ಹಿಡಿದಿದ್ದರು
ಅಳುವ ಕೂಸಿನ ಎದೆ ಮೇಲೆ ಕೈಯಿಡುವ ಹಾಗೆ.

ಅಂಥ ಕವರು ನಂಗೆ ಗೊತ್ತಿತ್ತು.
ಹಿಂದಿನ ವರ್ಷ ನಮ್ಮನೆಯ ಟ್ರಂಕಿನ ಮೇಲೆ ಒಂದಿತ್ತು.
ಯಾರೂ ಬಿಚ್ಚಿ ನೋಡುತ್ತಿರಲಿಲ್ಲ,
ಯಾರೂ ಎಸೆಯುತ್ತಲೂ ಇರಲಿಲ್ಲ.
ಕಸ ಗುಡಿಸುವಾಗ ಅಕ್ಕ ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು.

ಕೊನೇ ಡಬ್ಬಿಯ ಗಾರ್ಡು ಹಸಿರು ಬಾವುಟ ಸುತ್ತಿಕೊಂಡು ಹೋದ.
ಗೇಟು ಏಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು
ಅಂದೇ ತಿಳಿದದ್ದು.
ಓಡಲು ಮರವಿಲ್ಲ, ಮರೆಯಿಲ್ಲ,
ಅಂಗಿಯ ತುಂಬ ಮಂಡಕ್ಕಿ.
ಕೊಟ್ರೇಶಿ ರೂಢಿಯ ಮೇಲೆ "ನಮಸ್ತೆ ಸಾ" ಅಂತ ಕೈ ಮುಗಿದ,
ಅಂಗಿ ಕೈಬಿಟ್ಟು
ಹಳಿಯ ನಡುವೆಲ್ಲ ಬೆಳ್ಳಗಾಯಿತು.

ಮೇಷ್ಟ್ರು ಲೂನಾ ನಿಲ್ಲಿಸಲಿಲ್ಲ.
"ಹಳಿ ಮೇಲೆ ನಿಂತ್ಕಬ್ಯಾಡ್ರಿ," ಅಂದರು, ಅಷ್ಟೇ.
ಕವರಿನ ಒಂದು ಮೂಲೆ ಹೊರಳಿ
ನಮ್ಮನ್ನೇ ನೋಡುತ್ತ ಹೋಯಿತು.

ಗೋಡೆ ಹಾರಿ ಬಂದಾಗ ಕ್ಲಾಸು ಸಂತೆಯಾಗಿತ್ತು.
"ಸರ್ ಬರ್ಲೇ ಇಲ್ಲ, ಎಲ್ಲಿ ಸತ್ತಿದ್ರಿ?" ಅಂದಳು ಶಾಂಭವಿ.
ಇಲ್ಲದ ಕ್ಲಾಸಿಗೆ ಚಕ್ಕರ್ ಹೊಡೆದು
ಬೆವೆತು ಕೂತಿದ್ದೆವು.
ಬೋರ್ಡಿನ ಮೇಲೆ ನಿನ್ನೆಯ ಪ್ರಮೇಯ.
'ಸಾಧನೀಯ' ಎಂದು ಬರೆದು, ಮುಂದೆ ಎರಡು ಚುಕ್ಕಿ.

ಮರುದಿನ ಅದೇ ಪೀರಿಯಡ್ಡು.
ದಾದಾಪೀರ ಹೊಡೆತಕ್ಕೆಂದು ಎರಡು ಚಡ್ಡಿ ಹಾಕಿ ಬಂದಿದ್ದ.
ಮೇಷ್ಟ್ರು ಬಂದರು, ಡಸ್ಟರು ಮೇಜಿಗೆ ಕುಟ್ಟಿದರು,
ನಮ್ಮ ಬೆಂಚಿನ ಕಡೆ ತಿರುಗಿ ಕೇಳಿದರು:
"ನಿನ್ನೆ ಗೂಡ್ಸಿಗೆ ಎಷ್ಟು ಡಬ್ಬಿಯಿದ್ವಪ್ಪಾ?"

ಕ್ಲಾಸಿಗೆ ಕ್ಲಾಸೇ ಕಣ್ ಕಣ್ ಬಿಟ್ಟಿತು.
"ಐವತ್ತೆಂಟು ಸಾ," ಅಂದ ಕೊಟ್ರೇಶಿ.
"ಐವತ್ತೇಳು, ಗಾರ್ಡಿನದ್ದು ಸೇರಲ್ಲ," ಅಂದ ದಾದಾಪೀರ.

"ಹೌದಾ," ಅಂದರು.
"ನಂಗೆ ನಡುವೆ ಎಲ್ಲೋ ಲೆಕ್ಕ ತಪ್ತು."
ಸೀಮೆಸುಣ್ಣ ಹುಡುಕಿ
ತ್ರಿಭುಜದ ಒಂದು ಬದಿ ಎಳೆದರು.