ಒಂದು, ನಾಲ್ಕು, ಎರಡು, ಮೂರು

ಥರ್ಮಾಕೋಲ್ ಡಬ್ಬಿ ದಾವಣಗೆರೆ ದಾಟಿ
ಹರಿಹರದವರೆಗೆ ಹೋಗಿ ವಾಪಸು ಬಂದಿತ್ತು.
ಐಸ್ ಪ್ಯಾಕು ಬೆವರಿದೆ. ಸೀಸೆಯನ್ನು
ಕೆನ್ನೆಗೆ ಒತ್ತಿ ನೋಡಿದೆ, ಮಗುವಿನ ಜ್ವರ ನೋಡುವ ಹಾಗೆ.
ಸದ್ಯ, ತಣ್ಣಗಿದೆ.
ಚೀಟಿಯ ಮೇಲೆ: ಮನುಷ್ಯರ ಸಿ-ಮೂರರ ವಿರುದ್ಧ.
ಮೊಲದಲ್ಲಿ ಬೆಳೆಸಿದ್ದು.

ಯಾವ ದೇಶದ ಮೊಲವೋ.
ನಮ್ಮ ರಕ್ತದ ಒಂದು ಚೂರನ್ನು ಯಾರೋ ಅದಕ್ಕೆ ಚುಚ್ಚಿದರು,
ಹೊರಗಿನದು ಎಂದು ಅದರ ನೆತ್ತರು ಕೆರಳಿತು.
ಆ ಸಿಟ್ಟಿಗೆ ಒಂದೇ ವಿಳಾಸ. ಅದನ್ನು ಸೋಸಿ,
ಹಸಿರು ಹಚ್ಚಿ ನನಗೆ ಕಳಿಸಿದ್ದಾರೆ.
ಒಂದು ಪಾಲಿಗೆ ಹತ್ತೊಂಬತ್ತು ಪಾಲು ಬಫರು.
ಕೈ ನಡುಗಿ ಚೆಲ್ಲಿದರೆ ನನ್ನ ವಾರದ ಸಂಬಳ.

ದಾದಾಪೀರ್, ಒಂಬತ್ತು ವರ್ಷ, ಮಂಡಕ್ಕಿ ಭಟ್ಟಿ ಲೈನು.
ಕಾಲಿನ ಕಜ್ಜಿ ಮಾಗಿ ಮೂರು ವಾರಕ್ಕೆ
ಮುಖ ಊದಿತು, ಉಚ್ಚೆ ಚಹಾದ ಬಣ್ಣ.
ಎರಡು ತಿಂಗಳಾದರೂ ಇಳಿಯದೆ
ಮೂತ್ರಪಿಂಡದಿಂದ ಶಾವಿಗೆ ಚೂರಿನಷ್ಟು ತೆಗೆದರು.
ಹೆಪ್ಪುಗಟ್ಟಿಸಿ, ಹೆರೆದು, ಗಾಜಿನ ಮೇಲಿಟ್ಟು
ಹನಿ ಬಿಟ್ಟಿದ್ದೇನೆ. ಅರ್ಧ ಗಂಟೆ
ಕತ್ತಲಲ್ಲಿ, ಒದ್ದೆ ಕಾಗದದ ಮೇಲೆ ನೆನೆಯಬೇಕು.
ಅದಕ್ಕೆಂದೇ ಇಟ್ಟಿದ್ದೇನೆ ಅಪ್ಪನ ಊಟದ ಡಬ್ಬಿ,
ಮುಚ್ಚಳದ ಮೇಲೆ ಮಿಲ್ಲಿನ ಟಿಕೆಟ್ ನಂಬರು: ಮುನ್ನೂರ ಹನ್ನೊಂದು.

ಮುನ್ನೂರ ಹನ್ನೊಂದು ನಿಂತಿದ್ದು ಮೊದಲ ಯಂತ್ರಕ್ಕೆ.
ಅಪ್ಪ ಹಿಂಜದೆ ಯಾರೂ ನೂಲುವಂತಿರಲಿಲ್ಲ.
ಇಲ್ಲೂ ಹಾಗೇ. ಒಂದು ಎದ್ದು ನಾಲ್ಕನ್ನು ಎಬ್ಬಿಸುತ್ತದೆ,
ನಾಲ್ಕು ಎರಡನ್ನು, ಆಮೇಲೆ ಮೂರು.
ಸಿಕ್ಕ ಸಿಕ್ಕ ಹಾಗೆ ನಂಬರು ಕೊಟ್ಟರು,
ಯಾರ ಹಿಂದೆ ಯಾರು ಎಂದು ಆಮೇಲೆ ತಿಳಿಯಿತು.

ಕಾಂಪ್ಲಿಮೆಂಟಿಗೆ ಪುಸ್ತಕದಲ್ಲಿ ಪೂರಕ ಅಂತಿದೆ.
ಹತ್ತಿ ಎದೆಯಲ್ಲಿ ಕೂತ ಮೇಲೆ
ಯೋಗದ ಮೇಷ್ಟ್ರು ಅಪ್ಪನಿಗೂ ಕಲಿಸಿದ್ದರು
ಪೂರಕ, ಕುಂಭಕ, ರೇಚಕ.
ಪೂರಕದಲ್ಲೇ ಕೆಮ್ಮು ಬರುತ್ತಿತ್ತು.

ತೊಳೆದೆ, ಮೂರು ಸಲ.
ದೀಪ ಆರಿಸಿ ಕಣ್ಣಿಟ್ಟೆ.
ಮೊದಲು ಏನೂ ಇಲ್ಲ.
ಆಮೇಲೆ ಉಂಡೆಯುಂಡೆ ಜಾಲರಿಯ ಮೇಲೆಲ್ಲ
ಹಸಿರು ಚುಕ್ಕಿ, ಒರಟು ಚುಕ್ಕಿ.
ನಕ್ಷತ್ರದ ಆಕಾಶ ಅನ್ನುತ್ತದೆ ಪುಸ್ತಕ. ನನಗೆ ಕಂಡದ್ದು
ಪಾಳಿ ಮುಗಿಸಿ ಬಂದ ಅಪ್ಪನ
ಹುಬ್ಬಿನ ಮೇಲಿನ ಹತ್ತಿ.
ಕಾಯಲು ಬಂದವರು ಇವರು.
ಕಳ್ಳ ಹೋಗಿ ತಿಂಗಳಾಗಿದೆ, ಇವರು ಹೋಗಿಲ್ಲ,
ಕೂತ ಮನೆಯ ಜಂತಿಯನ್ನೇ ಮುರಿದು ಉರಿ ಹಾಕಿದ್ದಾರೆ.

ಬೇಗ ನೋಡಬೇಕು. ನೋಡಿದಷ್ಟೂ ಮಂಕಾಗುವ ಹಸಿರು ಇದು.
ಫೋಟೋ ತೆಗೆದು ಬರೆದೆ: ಸಿ-ಮೂರು, ಮೂರು ಪ್ಲಸ್.

ಹೊರಗೆ ಬೆಂಚಿನ ಮೇಲೆ ಹುಡುಗನ ಅಪ್ಪ,
ಅಂಗಿಯ ತುಂಬ ಭಟ್ಟಿಯ ಹೊಗೆ.
"ಏನ್ ಕಾಣ್ತು ಮೇಡಂ?"
ರಿಪೋರ್ಟು ಡಾಕ್ಟರಿಗೆ ಕೊಡ್ತೀನಿ, ಅವರು ಹೇಳ್ತಾರೆ.
ಅವರು ಕೆಮ್ಮಿದರು.
ಆ ಕೆಮ್ಮು ನನಗೆ ಗೊತ್ತು. ಬಾಯಿ ತಪ್ಪಿ
"ಬಣ್ಣ ಚೆನ್ನಾಗಿ ಹಿಡೀತು" ಅಂದುಬಿಟ್ಟೆ,
ನನ್ನ ಕೆಲಸದ ಮಾತು, ಅಷ್ಟೇ.

ಅವರು ನಕ್ಕರು, ಎರಡೂ ಕೈ ಎತ್ತಿ
ಮುಖ ಒರೆಸಿಕೊಂಡರು.
ನಾನು ಡಬ್ಬಿ ತೊಳೆಯಲು ಒಳಗೆ ಹೋದೆ.