ಅನುಬಂಧ ಹದಿನಾಲ್ಕು

ಲಾ ಪಾಸ್‌ನ ಸಭಾಭವನ, ಮೂರನೇ ಮಹಡಿ.
ಸಂಶೋಧನೆಗೆ ಹಣ ಕೊಡಬೇಕೋ ಬೇಡವೋ
ನೋಡುವ ಸಮಿತಿ. ಒಂಬತ್ತು ಕುರ್ಚಿ, ಆರು ಜನ.

ಡಾಕ್ಟರು ನಕ್ಷೆ ತೋರಿಸಿದರು.
ಗೆರೆ ಏರಿತು, ಇಳಿಯಿತು. ಯಾರೋ ಆಕಳಿಸಿದರು.

ಆಮೇಲೆ ನಿಕಾನೋರಾ ಚೋಕೆ,
ಕೊಚಬಾಂಬಾ ಕಣಿವೆಯಿಂದ ರಾತ್ರಿ ಬಸ್ಸಲ್ಲಿ ಬಂದವಳು,
ಹ್ಯಾಟು ತೆಗೆಯದೆ ನಿಂತು
ಮೇಜಿನ ಮೇಲಿಟ್ಟಳು ಒಂದು ಬೆಂಕಿಪೊಟ್ಟಣ.

ಒಳಗೆ ವಿಂಚೂಕಾ, ಮಣ್ಣುಗೋಡೆಯ ಬಿರುಕಿನ ಹುಳ.
ಕೂತಿದ್ದ ಕುರ್ಚಿಗಳೆಲ್ಲ ಗೇಣು ಹಿಂದೆ ಸರಿದವು.

'ಹೆದರಬೇಡಿ, ಸತ್ತಿದೆ.
ನನ್ನ ಕಚ್ಚಿದ್ದು ಇದಲ್ಲ, ಇದರ ಮುತ್ತಜ್ಜಿ ಇರಬೇಕು,
ಆಗ ನನಗೆ ಏಳು ವರ್ಷ.
ಹೃದಯ ಊದಿದ್ದು ನಲವತ್ತಕ್ಕೆ.
ಮಾತ್ರೆ ಇದೆ, ನಮ್ಮಮ್ಮನ ಕಾಲದ್ದೇ.
ಹೊಸದು ಯಾಕಿಲ್ಲ ಅಂದರೆ
ಕೊಳ್ಳುವವರಿಲ್ಲ ಅಂತಾರೆ.
ಬೇಕಾದವರು ಇದ್ದೀವಲ್ಲ.'

ಅಧ್ಯಕ್ಷರು ಗಡಿಯಾರ ನೋಡಿ
ಮತ ಹಾಕುವುದು ಕಾರ್ನಿವಲ್ ಕಳೆದ ಮೇಲೆ ಅಂದರು.

ಗುಮಾಸ್ತ ಎವಾರಿಸ್ತೋ ಪೊಟ್ಟಣ ವಾಪಸು ಕೊಡಹೋದ.
'ಕಡತಕ್ಕೆ ಸೇರಿಸಪ್ಪ.'
ಗುಂಡುಸೂಜಿ ನಾಟಲಿಲ್ಲ. ದಾರ ಸುತ್ತಿ ಬರೆದ:
ಅನುಬಂಧ ಹದಿನಾಲ್ಕು. ಹುಳ, ಒಂದು.

ಎಲ್ ಆಲ್ತೋದ ಚಳಿಗೆ
ಆ ಹುಳ ಬದುಕುವುದಿಲ್ಲ, ಅವನಿಗೆ ಗೊತ್ತು.
ಆದರೂ ಆ ರಾತ್ರಿ
ಮಕ್ಕಳು ಮಲಗಿದ್ದ ಮಂಚ ಮೆಲ್ಲಗೆ ಎಳೆದು,
ಟಾರ್ಚ್ ಹಿಡಿದು,
ಗೋಡೆ ನೋಡಿದ.