ಕಟ್ಟಡದ ಬೆಲೆ

ಬ್ಯಾಂಕಿನ ಕಡೆಯ ಹುಡುಗ ಟೇಪು ಹಿಡಿದು ಬಂದ.
ಬುರುಜನಹಟ್ಟಿಯ ನಮ್ಮ ತಲೆಬಾಗಿಲಿಗೆ ಬಗ್ಗಲಿಲ್ಲ,
ಹಣೆ ಬಡಿಸಿಕೊಂಡ. ಗವಾಕ್ಷಿಯ ಬಿಸಿಲಿಗೆ
ಕಾಗದ ಹಿಡಿದು ಬರೆದ:
ನಿವೇಶನ, ಇಪ್ಪತ್ತಾರು ಲಕ್ಷ.
ಕಟ್ಟಡ, ಸೊನ್ನೆ.

ಪಾಲಾಕ್ಷ ಓದಿ ಹಿತ್ತಿಲಿಗೆ ಹೋದರು.
ಡಿಪೋದಲ್ಲಿ ದಿನಕ್ಕೆ ಮೂರು ಬಸ್ಸಿನ ಹೊಟ್ಟೆ ಬಿಚ್ಚುವ ಕೈ
ನೀರು ಬಾರದ ನಲ್ಲಿಯನ್ನು
ತಿರುಗಿಸುತ್ತಾ ನಿಂತಿತ್ತು.

ಅತ್ತೆಗೆ ಹೇಗೆ ಹೇಳಲಿ ಅಂತ
ಅರ್ಧ ಸೌತೆಕಾಯಿ ಹೆಚ್ಚುವವರೆಗೆ ಯೋಚಿಸಿದೆ.
ಅವರು ನಕ್ಕರು:
"ಸೊನ್ನೆನಾ? ನಾನು ಇನ್ನೂ ಕಮ್ಮಿ ಅಂದ್ಕಂಡಿದ್ದೆ ಕಣೆ.
ಐವತ್ತೆರಡು ವರ್ಷ ಮಳೆಗೆ ಮುಂಚೆ
ಕರಲು ಮಣ್ಣು ಹೊತ್ತು ಈ ಮಾಳಿಗೆಗೆ ಹಾಕ್ದೋಳು ನಾನು.
ಅನ್ನಕ್ಕೆ ಮಣ್ಣು, ಹಾಸಿಗೆಗೆ ಮಣ್ಣು,
ಬಾಣಂತನದಾಗೆ ತೊಲೆ ಸಂದಿಯಿಂದ ಚೇಳು.
ಕೆಡವ್ರಿ."

ಸಾಲ ಇಪ್ಪತ್ತೆರಡು. ಎಸ್ಟಿಮೇಟು ಮೂವತ್ತೊಂದು.
ಅದೂ ಪಾಯ ಎದ್ದ ಮೇಲೆ ಪಾಯದ ದುಡ್ಡು,
ಮೋಲ್ಡ್ ಬಿದ್ದ ಮೇಲೆ ಮೋಲ್ಡಿನ ದುಡ್ಡು.
ಉಂಡು ತೋರಿಸಿದರೆ ಅಕ್ಕಿ ಕೊಡುವ ಅಂಗಡಿ.

ಐದು ಲಕ್ಷದ ಚೀಟಿಯನ್ನು
ಎಪ್ಪತ್ತು ಸಾವಿರ ಬಿಟ್ಟು ಕೂಗಿದೆ.
ನನ್ನ ಜೊತೆ ಕೂಗಲು ಬಂದವಳೂ
ಮನೆ ಕಟ್ಟಿಸುವವಳೇ, ಮೆದೇಹಳ್ಳಿ ರಸ್ತೆಯವಳು;
ಅರವತ್ತೈದಕ್ಕೆ ಸುಮ್ಮನಾಗಿ ಸೆರಗು ಸರಿಮಾಡಿಕೊಂಡಳು.
ಅವಲಕ್ಕಿ ಸರ, ನಾಲ್ಕು ಬಳೆ ಒಳಗಿಟ್ಟು ಎರಡು ಇಪ್ಪತ್ತು.
ಹಿರಿಯೂರಿನ ದಸ್ತಗಿರಿ ಹೊನ್ನೆ ತೊಲೆಗಳನ್ನು
ಬೆರಳ ಗೆಣ್ಣಿನಿಂದ ಬಡಿದು, ಕಿವಿಕೊಟ್ಟು,
"ಒಳಗೆ ಗಟ್ಟಿ ಐತವ್ವ" ಅಂದ. ಬಾಗಿಲು ಸೇರಿ ಎಂಬತ್ತೆರಡು ಸಾವಿರ.
ಸೊನ್ನೆಯೊಳಗಿಂದ ಎಂಬತ್ತೆರಡು ಸಾವಿರ.

ಆದರೂ ಒಂದು ಅರವತ್ತೆಂಟು ಕಮ್ಮಿ.
ಹಾಲಿನ ಚೀಟಿಯ ಹಿಂದೆ ಕೂಡಿದೆ, ಗ್ಯಾಸ್ ಬಿಲ್ಲಿನ ಹಿಂದೆ ಕೂಡಿದೆ.
ಒಂದು ಅರವತ್ತೆಂಟೇ.

ಬ್ಯಾಂಕಿನ ಪತ್ರಕ್ಕೆ ತೊಂಬತ್ತು ದಿನದ ಆಯಸ್ಸು.
ಅಷ್ಟರಲ್ಲಿ ಗೋಡೆಯಾಚೆ ಖೈರುನ್ನಿಸಾ ಮಗಳು ಹೆತ್ತಳು.
ಎರಡು ಮನೆಗೂ ಅದೊಂದೇ ಗೋಡೆ.
"ನಲವತ್ತು ದಿನ ತಡೀರಿ ಅಕ್ಕ, ಕೂಸಿಗೆ ಧೂಳು."
ತಡೆದರೆ ಆಷಾಢ. ಗುದ್ದಲಿ ಪೂಜೆಗೆ ಅಯ್ಯನೋರು ಒಪ್ಪುವುದಿಲ್ಲ.
ಶ್ರಾವಣಕ್ಕೆ ಹೋದರೆ ಪತ್ರ ಉಳಿಯುವುದು ಒಂಬತ್ತೇ ದಿನ.
ಕೆಳಗೋಟೆಯ ಬಾಡಿಗೆ ಮನೆಗೆ ಅಡ್ವಾನ್ಸು ಬೇರೆ ಕೊಟ್ಟಾಗಿತ್ತು.
ಕ್ಯಾಲೆಂಡರಿನ ಮುಂದೆ ನಾವಿಬ್ಬರೂ
ಸಂತೆಯಲ್ಲಿ ದುಡ್ಡು ಕಳಕೊಂಡವರಂತೆ ನಿಂತಾಗ
ಅತ್ತೆ ಎಲೆ ಅಡಿಕೆ ಅಗಿಯುತ್ತಲೇ ಅಂದರು:
"ಕಟ್ಟಾಕೆ ಆಷಾಢ. ಕೆಡವಾಕೆ ಯಾವ ಆಷಾಢವೋ?"

ಆಷಾಢದಲ್ಲಿ ಜೆಸಿಬಿಯೂ ಅಗ್ಗ. ಯಾರೂ ಕರೆಯುವುದಿಲ್ಲ.

ನಲವತ್ತೊಂದನೇ ದಿನ ಕೆಡವಿದೆವು.
ಜೋಗಿಮಟ್ಟಿ ಕಡೆಯಿಂದ ಗಾಳಿ, ಒಂದು ಹನಿ ಮಳೆಯಿಲ್ಲ.
ಮಾಳಿಗೆ ಬಿದ್ದಾಗ ಎದ್ದದ್ದು ಅತ್ತೆ ಹೊತ್ತ ಮಣ್ಣು,
ಐವತ್ತೆರಡು ಪದರ ಒಟ್ಟಿಗೆ.
ಅವರು ರಸ್ತೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಒಳ್ಳೆಯ ಕಲ್ಲು ಯಾವುದು, ಎತ್ತಿಡಬೇಕಾದ್ದು ಯಾವುದು,
ಡ್ರೈವರನಿಗೆ ಕೂಗಿ ಹೇಳುತ್ತಿದ್ದರು.

ಜಂಟಿ ಗೋಡೆ ಮಾತ್ರ ನಿಂತಿದೆ.
ಇಂಜಿನಿಯರ್ ಅದನ್ನು ಮುಟ್ಟುವುದು ಬೇಡವೆಂದ;
ಈಚೆಗೆ ನಮ್ಮ ಕಂಬ, ಒಂಬತ್ತು ಅಂಗುಲ ನಷ್ಟ,
ಆ ಪಕ್ಕಕ್ಕೆ ಗಿಲಾವೂ ಬೇಡ. ಉಳಿದ ಮೂರು ಪಕ್ಕ
ದುಡ್ಡು ಬಂದಾಗ. ಈ ಊರಲ್ಲಿ ಹಸಿ ಇಟ್ಟಿಗೆಯ ಮನೆಗಳು
ಎಷ್ಟಿಲ್ಲ, ಒಳಗೆ ಟೀವಿ ಹಾಡುತ್ತಾ?

ಸಂಜೆ ಪಾಲಾಕ್ಷ ಒಬ್ಬರೇ ಹೋಗಿ ನಿಂತರು.
ಮೇಲೆ ಆಕಾಶ. ಗೋಡೆಯಲ್ಲಿ ದೀಪದ ಗೂಡು,
ಅದರ ಮೇಲೆ ನಾಲಗೆಯಂಥ ಮಸಿ,
ನಾನು ಹೊಡೆದ ಕ್ಯಾಲೆಂಡರಿನ ಮೊಳೆ.
ಆಚೆ ಕೂಸು ಅಳುತ್ತಿತ್ತು.
ಮೊಳೆ ಕೀಳಲು ಇಕ್ಕಳ ಒಯ್ದಿದ್ದರು.
ಕೂಸು ಮಲಗಲಿ ಅಂತ
ಕಾಯುತ್ತಾ ಕೂತಿದ್ದರು.